ನಿವೇಶನ ಮಾರಿಸುವವರಿಗೂ ಬೇಕು ನೋಂದಣಿ

ಪಿಯುಸಿ ಅಥವಾ ಪದವಿ ಮುಗಿಸಿ ಮುಂದೇನು ಎಂದು ಯೋಚಿಸುವ ತರುಣರಲ್ಲಿ ಕೆಲವರ ಕಣ್ಣು ರಿಯಲ್ ಎಸ್ಟೇಟ್ ವ್ಯವಹಾರದ ಮೇಲಿರುತ್ತದೆ. ಬಳ್ಳಾರಿ ನಗರದ ಸುತ್ತ ಎದ್ದಿರುವ ಬಡಾವಣೆಗಳ ಫಲಕಗಳನ್ನು ನೋಡಿದಾಗ ಈ ಆಸೆ ಸಹಜವೇ. ಆದರೆ ಪಾಲಕರಿಗೆ ‘ದಲ್ಲಾಳಿ’ ಎಂಬ ಹೆಸರೇ ಹಿಡಿಸುವುದಿಲ್ಲ. ಈ ವೃತ್ತಿಗೀಗ ಕಾಯ್ದೆಯ ಚೌಕಟ್ಟಿದೆ ಎಂಬುದನ್ನು ಇಬ್ಬರೂ ತಿಳಿದಿರಬೇಕು.

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ‘ರೇರಾ’, 2016ರಲ್ಲಿ ಬಂತು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಪ್ರಕಟವಾದವು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಬಡಾವಣೆ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ವಸತಿ ಸಮುಚ್ಚಯವನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ಇಂಥ ಯೋಜನೆಗಳಲ್ಲಿ ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ ಏಜೆಂಟರೂ ನೋಂದಣಿ ಪಡೆದಿರಬೇಕು. ತಪ್ಪಿದರೆ ದಿನಕ್ಕೆ ರೂ. 10,000ದಂತೆ, ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು.

ಸಿರುಗುಪ್ಪದ ಭತ್ತದ ಗದ್ದೆಯನ್ನು ರೈತನಿಂದ ರೈತನಿಗೆ ಕೊಡಿಸುವುದಾಗಲಿ, ಕುರುಗೋಡಿನ ಹಳೆಯ ಮನೆಯೊಂದನ್ನು ಮಾರಿಸುವುದಾಗಲಿ ಈ ನೋಂದಣಿಯ ವ್ಯಾಪ್ತಿಗೆ ಬಾರದು. ಆದರೆ ಅದೇ ಗದ್ದೆ ಬಡಾವಣೆಯಾಗಿ ನಿವೇಶನಗಳು ಮಾರಾಟಕ್ಕೆ ನಿಂತಾಗ ಕಾಯ್ದೆ ಅನ್ವಯಿಸುತ್ತದೆ.

ಅರ್ಜಿ ಹೇಗೆ?

ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲೇ ಅರ್ಜಿ ಸಲ್ಲಿಸಬಹುದು. ಪ್ಯಾನ್ ಕಾರ್ಡ್, ಭಾವಚಿತ್ರ, ವಿಳಾಸದ ದಾಖಲೆ, ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ವಿವರ ಬೇಕು. ತೆರಿಗೆ ವಿವರ ಸಲ್ಲಿಸುವ ಅಗತ್ಯವಿರದಿದ್ದವರು ಆ ಬಗ್ಗೆ ಘೋಷಣೆ ಕೊಡಬೇಕು. ನಿಯಮಗಳಲ್ಲಿ ಗೊತ್ತುಪಡಿಸಿದ ಶುಲ್ಕ ಒಬ್ಬ ವ್ಯಕ್ತಿಗೆ ರೂ. 25,000, ಸಂಸ್ಥೆಗಾದರೆ ರೂ. 2 ಲಕ್ಷ. ನೋಂದಣಿಯ ಅವಧಿ ಐದು ವರ್ಷ. ಕಾಯ್ದೆ ಇಂಥದೇ ಪದವಿ ಬೇಕೆಂದು ಹೇಳಿಲ್ಲ.

ಒಂದೇ ನೋಂದಣಿ ಇಡೀ ರಾಜ್ಯಕ್ಕೆ ಸಾಕು. ಬಳ್ಳಾರಿಯವರು ಮೈಸೂರಿನಲ್ಲೂ ವ್ಯವಹರಿಸಬಹುದು. ಆದರೆ ಗಡಿಯಾಚೆಯ ಆದೋನಿ, ಗುಂತಕಲ್‌ಗಳಲ್ಲಿ ಈ ಕೆಲಸ ಮಾಡಲು ಆಂಧ್ರಪ್ರದೇಶದ ನೋಂದಣಿ ಬೇರೆಯೇ ಬೇಕು.

ಕಲಿಯಬೇಕಾದುದು

ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ವೃತ್ತಿ ಕೈಗೆ ಬಾರದು. ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಇ-ಖಾತೆ ಇವನ್ನು ಓದಿ ಅರ್ಥಮಾಡಿಕೊಳ್ಳಲು ಬರಬೇಕು. ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ (ನಗರದಲ್ಲಾದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ) ಅನುಮೋದನೆ ಇದೆಯೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು 1978ರ ಕಾಯ್ದೆ ನಿಷೇಧಿಸಿದೆ. ಇದನ್ನರಿಯದೆ ಮಾಡಿಸಿದ ವ್ಯವಹಾರ ಕೊಂಡವರನ್ನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಸಬಹುದು.

ನೋಂದಾಯಿತ ಏಜೆಂಟರ ಹೊಣೆಯೂ ಸಣ್ಣದಲ್ಲ. ನೋಂದಣಿಯಾಗದ ಯೋಜನೆಯನ್ನು ಮಾರಿಸಬಾರದು, ಲೆಕ್ಕಪತ್ರ ಇಡಬೇಕು, ಸುಳ್ಳು ಭರವಸೆ ಕೊಡಬಾರದು, ಖರೀದಿದಾರರಿಗೆ ಸಲ್ಲಬೇಕಾದ ದಾಖಲೆಗಳನ್ನು ಒದಗಿಸಬೇಕು. ಪ್ರತಿ ಮಾರಾಟದಲ್ಲೂ ತಮ್ಮ ನೋಂದಣಿ ಸಂಖ್ಯೆ ನಮೂದಿಸಬೇಕು. ನಿಯಮ ಮುರಿದರೆ, ಮೋಸದಿಂದ ಪಡೆದದ್ದು ಸಾಬೀತಾದರೆ ನೋಂದಣಿ ರದ್ದಾಗಬಹುದು.

ಗಳಿಕೆಯ ಬಗ್ಗೆ ಭ್ರಮೆ ಬೇಡ. ಕಮಿಷನ್ ಇಷ್ಟೇ ಎಂದು ಕಾಯ್ದೆ ಗೊತ್ತುಪಡಿಸಿಲ್ಲ. ವ್ಯವಹಾರ ಕುದುರದ ತಿಂಗಳು ಆದಾಯವೂ ಇಲ್ಲ. ಆದ್ದರಿಂದ ರೂ. 25,000 ಕಟ್ಟುವ ಮೊದಲು ನೋಂದಾಯಿತ ಏಜೆಂಟರ ಕಚೇರಿಯಲ್ಲೋ ವಕೀಲರ ಬಳಿಯೋ ಒಂದು ವರ್ಷ ಸಂಬಳಕ್ಕೆ ದುಡಿದು ಕಾಗದಪತ್ರಗಳ ಕೆಲಸ ಕಲಿಯುವುದು ಒಳಿತು. ಬಿ.ಕಾಂ. ಅಥವಾ ಕಾನೂನು ಓದುತ್ತಿರುವವರಿಗೆ ಇದು ಇನ್ನೂ ಸುಲಭ.

ಪಾಲಕರು ಒಂದು ಮಾತು ನೆನಪಿಡಬೇಕು. ಮೂವತ್ತು-ನಲವತ್ತರ ನಿವೇಶನ ಕೊಳ್ಳುವ ಗುಮಾಸ್ತನೋ ಗಿರಣಿ ಕಾರ್ಮಿಕನೋ ತನ್ನ ಜೀವಮಾನದ ಉಳಿತಾಯವನ್ನೇ ಏಜೆಂಟರ ಮಾತು ನಂಬಿ ಸುರಿಯುತ್ತಾನೆ. ಕೈತಪ್ಪುವ ಕಮಿಷನ್ನಿಗೆ ಅಂಜದೆ ‘ಈ ಕಾಗದ ಸರಿಯಿಲ್ಲ, ಕೊಳ್ಳಬೇಡಿ’ ಎಂದು ಅವನಿಗೆ ಹೇಳಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ, ಈ ವೃತ್ತಿಗೆ ಕಳಿಸಲು ಹಿಂಜರಿಯಬೇಕಿಲ್ಲ.