ಪಾತ್ರೆಯಲ್ಲಿನ ಎಣ್ಣೆ
ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿರುವ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ, ಮದಲಿಂಗನು ಬರುವುದು ತಡವಾದಾಗ ವಿವೇಕಿಗಳು, ಅವಿವೇಕಿಗಳು ಎಂಬ ಭೇದವಿಲ್ಲದೆ ಹತ್ತು ಮಂದಿಯೂ ತೂಕಡಿಸಿ ನಿದ್ದೆಹೋಗುತ್ತಾರೆ ಎಂಬುದು ಓದುಗರ ಗಮನಕ್ಕೆ ಬರುವುದು ಅಪರೂಪ. ಅವರನ್ನು ಬೇರ್ಪಡಿಸುವುದು ಐವರು ದೀಪದೊಡನೆ ಪಾತ್ರೆಗಳಲ್ಲಿ ತುಂಬಿ ತಂದಿದ್ದ ಎಣ್ಣೆ ಮಾತ್ರ. ಆದ್ದರಿಂದ ಸುವಾರ್ತೆ ಹೇಳುವ ‘ಎಚ್ಚರ’, ಅಂದರೆ ಮೂಲ ಗ್ರೀಕಿನಲ್ಲಿ ನಿದ್ದೆಗೆಟ್ಟು ಕಾಯುವುದನ್ನು ಸೂಚಿಸುವ ‘ಗ್ರೆಗೊರೆಯೊ’ ಎಂಬ ಕ್ರಿಯಾಪದ, ಎಷ್ಟು ತಡವಾದರೂ ಬತ್ತದ ಸಿದ್ಧತೆಯನ್ನು ಬೇಡುತ್ತದೆ. ಕ್ರಿಸ್ತನ ಮರುಬರುವಿಕೆಗಾಗಿ ಕಾಯುವ ಈ ಎಚ್ಚರವು ದಿನಾಂಕದ ಗಣಿತಕ್ಕೆ ಇಳಿದಾಗ ಆಗುವ ನೋವಿಗೆ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಅನುಯಾಯಿಗಳೇ ಸಾಕ್ಷಿ: ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ಎಣಿಸಿ, 1844ರ ಅಕ್ಟೋಬರ್ 22ರಂದು ಕ್ರಿಸ್ತನು ಮರಳಿ ಬರುವನೆಂದು ನಂಬಿದ ಅವರಲ್ಲಿ ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಕಾದರು, ಬೆಳಗಾದಾಗ ಅತ್ತರು, ಅವರ ಹಂಬಲ ಪ್ರಾಮಾಣಿಕವಾಗಿತ್ತು, ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಆ ದಿನವನ್ನು ತಂದೆಯ ಹೊರತು ಯಾರೂ ಅರಿಯರೆಂದು ಹಿಂದಿನ ಅಧ್ಯಾಯವೇ ಸ್ಪಷ್ಟಪಡಿಸಿದೆ, ಮತ್ತು 25ನೇ ಅಧ್ಯಾಯದ ಕೊನೆಯಲ್ಲಿ ಬರುವ ನ್ಯಾಯತೀರ್ಪಿನ ದೃಶ್ಯದಲ್ಲಿ ವಿಚಾರಣೆಗೆ ಬರುವುದು ಹಸಿದವರಿಗೆ ಕೊಟ್ಟ ಅನ್ನ, ಬಾಯಾರಿದವರಿಗೆ ಕೊಟ್ಟ ನೀರು ಮತ್ತು ಸೆರೆಯಲ್ಲಿದ್ದವರನ್ನು ನೋಡಲು ಹೋದ ಸಂಗತಿ.