ಹಳೆಯ ಪಿಕಪ್‌ಗೆ ದೊಡ್ಡ ಎಂಜಿನ್: ನಿಷೇಧವೊಂದೇ ಸಾಲದು

ಹದಿನೈದು ವರ್ಷ ದುಡಿದ ಪಿಕಪ್ ವಾಹನಕ್ಕೆ ಮೂಲದ್ದಕ್ಕಿಂತ ದೊಡ್ಡ ಎಂಜಿನ್ ಕೂರಿಸುವುದು ಕೆಲವರಿಗೆ ಹವ್ಯಾಸ, ಕೆಲವರಿಗೆ ಹೊಟ್ಟೆಪಾಡು. ಹೊಸ ವಾಹನದ ಸಾಲದ ಕಂತು ಕಟ್ಟಲಾಗದವರಿಗೆ ಗುಜರಿಯಿಂದ ತಂದ ಎಂಜಿನ್ ಅಗ್ಗದ ಪರಿಹಾರವಾಗಿ ಕಾಣುವುದು ಸಹಜ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಆ ಲೆಕ್ಕಾಚಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲೊಂದು ಬಾಬತ್ತು ಬಿಟ್ಟುಹೋಗಿದೆ.

ಎಂಜಿನ್ ಬದಲಾದರೂ ಬ್ರೇಕ್, ಚಾಸಿ, ಸ್ಟೀರಿಂಗ್ ಹಳೆಯವೇ. ವೇಗ ಇಮ್ಮಡಿಯಾದರೆ ಬ್ರೇಕ್ ತಡೆಯಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಚಾರ್ಮಾಡಿ ಘಾಟಿಯನ್ನು ಸಲೀಸಾಗಿ ಏರಿಸುವ ಎಂಜಿನ್, ಹೆಚ್ಚು ಸರಕು ಹೇರುವ ಆಸೆಯನ್ನೂ ಹುಟ್ಟಿಸುತ್ತದೆ. ಇಳಿಯುವಾಗ ಆ ಹೊರೆಯನ್ನು ಹಿಡಿದು ನಿಲ್ಲಿಸಬೇಕಾದದ್ದು ಮಾತ್ರ ಹಳೆಯ ಬ್ರೇಕ್. ಲಾಭ ಮಾಲೀಕನದು, ಅಪಾಯ ದಾರಿಹೋಕನದೂ ಹೌದು.

ಕಾನೂನಿನಲ್ಲಿ ಗೊಂದಲವಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಆದರೆ ಬೇರೆ ದಾರಿಯನ್ನೇ ತೋರದ ನಿಷೇಧ ಕೆಲಸವನ್ನು ನಿಲ್ಲಿಸುವುದಕ್ಕಿಂತ ಮರೆಮಾಚುವುದೇ ಹೆಚ್ಚೆಂಬುದು ಆಡಳಿತದಲ್ಲಿ ನಾನು ಕಂಡುಕೊಂಡ ಸತ್ಯ. ಗುಟ್ಟಾಗಿ ನಡೆದ ಬದಲಾವಣೆಯನ್ನು ಯಾವ ತಜ್ಞನೂ ಪರೀಕ್ಷಿಸುವುದಿಲ್ಲ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಅದೇ ಕಾರಣವಾಗಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಬೇರೆ ಮಾರ್ಗ ಹಿಡಿದಿದೆ. ಅಲ್ಲಿ ಎಂಜಿನ್ ಬದಲಿಸಬಹುದು. ಆದರೆ ಅದು ವಾಹನದ ಮಾದರಿ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ತನ್ನ ಹೊಗೆ ನಿಯಂತ್ರಣ ಸಾಧನಗಳನ್ನೆಲ್ಲ ಹೊಂದಿರಬೇಕು, ಅಧಿಕೃತ ಪರೀಕ್ಷಕರ ಒಪ್ಪಿಗೆ ಪಡೆಯಬೇಕು. ಆ ವ್ಯವಸ್ಥೆಯ ಗಮನ ಹೊಗೆಯ ಮೇಲಿದೆ. ನಮಗೆ ಬ್ರೇಕ್ ಪರೀಕ್ಷೆಯೂ ಅಗತ್ಯ.

ಇದು ನಮಗೆ ತೀರಾ ಹೊಸ ವಿಚಾರವೇನಲ್ಲ. ಅನಿಲ ಅಥವಾ ಬ್ಯಾಟರಿಗೆ ವಾಹನವನ್ನು ಪರಿವರ್ತಿಸುವ ಕಿಟ್‌ಗಳಿಗೆ ನಮ್ಮ ಕಾಯ್ದೆಯೇ ಷರತ್ತಿನ ಅವಕಾಶ ನೀಡಿದೆ. ಅದೇ ತತ್ವವನ್ನು ವಿಸ್ತರಿಸಿ, ಎಂಜಿನ್ನಿಗೆ ತಕ್ಕ ಬ್ರೇಕ್ ಅಳವಡಿಸಿದ ವಾಹನವನ್ನಷ್ಟೇ ಪರೀಕ್ಷೆಯ ನಂತರ ನೋಂದಾಯಿಸಬೇಕು. ಹೊರಬಹುದಾದ ಭಾರದ ಮಿತಿಯನ್ನು ಮಾತ್ರ ಯಾವ ಕಾರಣಕ್ಕೂ ಹೆಚ್ಚಿಸಕೂಡದು. ಪರೀಕ್ಷೆಯ ಖರ್ಚನ್ನು ಮಾಲೀಕನೇ ಭರಿಸಲಿ. ಬದಲಾವಣೆಯ ನಿಜವಾದ ಬೆಲೆ ಆಗ ಅವನ ಲೆಕ್ಕಕ್ಕೂ ಬರುತ್ತದೆ.