ಪಾಯ ತೋಡುವ ಮೊದಲೇ

2030ರೊಳಗೆ ರಾಜ್ಯದಲ್ಲಿ ಗುಡಿಸಲೇ ಉಳಿಯಬಾರದು ಎಂಬ ಗುರಿಯೊಂದಿಗೆ ತಮಿಳುನಾಡು ಸರ್ಕಾರ 2024ರಲ್ಲಿ ‘ಕಲೈಞರಿನ್ ಕನವು ಇಲ್ಲಂ’ ಯೋಜನೆ ಘೋಷಿಸಿತು. ಒಟ್ಟು 8 ಲಕ್ಷ ಮನೆ, ಒಂದೊಂದಕ್ಕೂ 3.5 ಲಕ್ಷ ರೂಪಾಯಿ, 360 ಚದರ ಅಡಿ. ತೇನಿ, ಕಂಬಂ, ದಿಂಡಿಗಲ್ ಸೀಮೆಯ ಬಡ ಕುಟುಂಬವೊಂದು ಇಂಥ ಮನೆ ಕಟ್ಟಿದರೆ ಎರಡು ತಲೆಮಾರು ಅದರಲ್ಲೇ ಬಾಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ವಸತಿ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲಾತಿ ಕೊಟ್ಟಿದೆ. ಮನೆ ಯಾರಿಗೆ ಸಿಗಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಆ ಮನೆಯ ಬಚ್ಚಲಿಗೆ ಗಾಲಿಕುರ್ಚಿ ಹೋಗುತ್ತದೆಯೇ, ಸದ್ದು ತಾಳಲಾರದ ಮಗುವಿಗೆ ಅಲ್ಲೊಂದು ನೆಮ್ಮದಿಯ ಮೂಲೆ ಇದೆಯೇ ಎಂದು ಕೇಳುವವರಿಲ್ಲ. ಈ ಪ್ರಶ್ನೆಗಳಿಗೆ ಪ್ರತಿ ಮನೆಯ ನಕ್ಷೆಯಲ್ಲೂ ಉತ್ತರ ಇರಬೇಕು, ಯಾರೂ ಅರ್ಜಿ ಹಾಕದೆಯೇ.

ಹಣ ಎಲ್ಲಿಂದ ತರುವುದು ಎಂಬುದು ಮೊದಲ ತಕರಾರು. ಪಾಯ ಒಂದೂವರೆ ಅಡಿ ಎತ್ತರವಿದ್ದರೆ, 1:12ರ ಇಳಿಜಾರಿನ ಲೆಕ್ಕದಲ್ಲಿ ರ‍್ಯಾಂಪ್ 18 ಅಡಿ ಉದ್ದ ಬೇಕು. ಮನೆ ಮುಗಿದ ಮೇಲೆ ಬೀದಿಗೆ ಅಂಟಿದ ನಿವೇಶನದಲ್ಲಿ ಅಷ್ಟು ಜಾಗ ಯಾರ ಬಳಿಯೂ ಇರುವುದಿಲ್ಲ. ನಕ್ಷೆ ಹಾಕುವಾಗಲೇ ಯೋಚಿಸಿದರೆ ಅದನ್ನು ಪಕ್ಕದ ಗೋಡೆಗುಂಟ ತರಬಹುದು. 900 ಮಿಲಿಮೀಟರ್ ಅಗಲದ ಬಾಗಿಲು, ಹೊರಕ್ಕೆ ತೆರೆಯುವ ಬಚ್ಚಲ ಕದ, ಜಾರದ ನೆಲ, ಹಿಡಿಕೆ ಕೂರಿಸಲು ಗಟ್ಟಿ ಗೋಡೆ, ಇವೆಲ್ಲ ಮೇಸ್ತ್ರಿಗೆ ಮೊದಲೇ ಹೇಳಿದರೆ ಅಗ್ಗ. ಆಮೇಲೆ ಒಡೆದು ಮಾಡಿಸುವುದೇ ದುಬಾರಿ. ಗಾಲಿಕುರ್ಚಿಗೆ ಅಡ್ಡವಾಗುವ ಹೊಸ್ತಿಲನ್ನು ತಗ್ಗಿಸಬೇಕು ಎಂದರೆ ಇನ್ನೊಂದು ತಕರಾರು ಬರುತ್ತದೆ. ಕಂಬಂ ಕಣಿವೆಯ ಕನ್ನಡ ಮಾತಿನ ಕಪ್ಪಿಲಿಯರ ಮನೆಯಿರಲಿ, ತಮಿಳರ ಮನೆಯಿರಲಿ, ಅದು ಪೂಜೆಯ ಜಾಗ. ಅರಿಸಿನ ಕುಂಕುಮಕ್ಕೆ ಬೇಕಾದ್ದು ಮರದ ಪಟ್ಟಿ, ಅದು ನೆಲಮಟ್ಟಕ್ಕೆ ಇದ್ದರೂ ಪೂಜೆಗೆ ಊನವಿಲ್ಲ.

ಕಣ್ಣಿಗೆ ಕಾಣದ ತೊಂದರೆಯ ಬಗ್ಗೆ ನಾವು ಇನ್ನೂ ಕಡಿಮೆ ಯೋಚಿಸಿದ್ದೇವೆ. ಕಾಂಕ್ರೀಟ್ ಸೂರು, ಸಿಮೆಂಟ್ ಗೋಡೆ, ಟೈಲ್ಸ್ ನೆಲ ಸೇರಿದ ಬರಿದಾದ ಕೋಣೆಯಲ್ಲಿ ಮಿಕ್ಸಿ, ಕುಕ್ಕರ್, ಟಿವಿಯ ಸದ್ದು ಅಡಗದೆ ಪ್ರತಿಧ್ವನಿಸುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬಹಳಷ್ಟು ಜನರ ಗಮನಕ್ಕೇ ಬಾರದ ಇವು ಆಟಿಸಂ ಇರುವ ಕೆಲವರಿಗೆ ಹಿಂಸೆ. ಈಜಿಪ್ಟಿನ ವಾಸ್ತುಶಿಲ್ಪಿ ಮಗ್ದಾ ಮುಸ್ತಫಾ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಯ ಸದ್ದು ತಗ್ಗಿಸಿದಾಗ ಆಟಿಸಂ ಇರುವ ಮಕ್ಕಳ ಗಮನ ಹೆಚ್ಚು ಹೊತ್ತು ನಿಂತಿತು. ಅದು ಶಾಲೆಯ ಪ್ರಯೋಗ, ಮನೆಯದಲ್ಲ, ನಿಜ. ಆದರೂ ಮಗು ದಿನದ ಹೆಚ್ಚಿನ ಪಾಲು ಕಳೆಯುವುದು ಮನೆಯಲ್ಲೇ. 360 ಚದರ ಅಡಿಯಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು ಎನ್ನುವವರಿಗೆ ಉತ್ತರ: ಕೋಣೆ ಬೇಡ. ಅಡುಗೆಯ ಕಟ್ಟೆಯಿಂದ ದೂರದ ಒಂದು ಮೂಲೆ, ನೂಲಿನ ಗಿರಣಿಗಳ ಈ ಸೀಮೆಯಲ್ಲಿ ಸುಲಭವಾಗಿ ಸಿಗುವ ದಪ್ಪ ಹತ್ತಿ ಪರದೆ, ನೆಲಕ್ಕೊಂದು ಜಮಖಾನ, ಹೊಳಪಿಲ್ಲದ ತಿಳಿ ಬಣ್ಣ ಸಾಕು.

ಬೇಕಾದವರು ಪ್ರಮಾಣಪತ್ರ ತೋರಿಸಲಿ, ಅವರಿಗಷ್ಟೇ ಮಾಡಿಕೊಡೋಣ ಎಂಬ ವಾದ ನ್ಯಾಯವೆಂದೇ ತೋರುತ್ತದೆ. ಆದರೆ ಆಟಿಸಂ ಗುರುತಿಸುವ ವೈದ್ಯರು ಹಳ್ಳಿಗೆ ದೂರ. ಎಷ್ಟೋ ಮಕ್ಕಳು ‘ಹಟಮಾರಿ’ ಎಂಬ ಹೆಸರಲ್ಲೇ ಬೆಳೆಯುತ್ತಾರೆ. ಇಂದು ಗಟ್ಟಿಯಾಗಿರುವ ಅಜ್ಜಿಗೆ ನಾಳೆ ಸೊಂಟ ಮುರಿಯಬಹುದು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರಾತುರಿ ಪ್ರಕರಣದಲ್ಲಿ, ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು. ಸರ್ಕಾರದ ಹಣದಲ್ಲಿ ಏಳುವ ಮನೆಗೂ ಆ ಮಾತು ಸಲ್ಲಬೇಕು. ಪಾಯದ ಹಂತದ ಕಂತು ಬಿಡುಗಡೆಗೆ ಮುನ್ನ ಓವರ್‌ಸಿಯರ್ ಟೇಪು ಹಿಡಿಯುತ್ತಾರಲ್ಲ, ರ‍್ಯಾಂಪಿನ ಜಾಗವನ್ನೂ ನಕ್ಷೆಯಲ್ಲಿ ಬಾಗಿಲಿಗೆ ಬಿಟ್ಟ ಅಗಲವನ್ನೂ ಆಗಲೇ ನೋಡಲಿ.